ಮುಚ್ಚುವ ಮೊದಲು ಇನ್ನೊಂದು ಲೆಕ್ಕ

ಪ್ರೀತಿಯ ಮಗಳೇ,

ನಿನ್ನ ಪತ್ರ, ಜೊತೆಗಿದ್ದ ಲೆಕ್ಕದ ಹಾಳೆ ಎರಡನ್ನೂ ನೋಡಿದೆ. ನಿಮ್ಮ ಕಂಪನಿಯ ಮೂರನೇ ವಿಭಾಗ 30 ನಷ್ಟದಲ್ಲಿದೆ, ತಿಂಗಳ ಕೊನೆಗೆ ಮುಚ್ಚಿಬಿಡುತ್ತೇನೆ ಅಂತ ಬರೆದಿದ್ದೀಯ. (ಸೊನ್ನೆಗಳನ್ನು ಬಿಟ್ಟು ಬರೆಯುತ್ತಿದ್ದೇನೆ, ಓದಲು ಸುಲಭ.) ಇನ್ನೂ ಯಾರಿಗೂ ಹೇಳಿಲ್ಲ ತಾನೇ? ಹೇಳಬೇಡ.

ಆ ವಿಭಾಗದ ವರ್ಷದ ಮಾರಾಟ 400. ಕಚ್ಚಾ ಸಾಮಾನು, ಕೂಲಿ, ಸಾಗಾಟಕ್ಕೆ 280 ಹೋಗುತ್ತದೆ. ಉಳಿಯುವುದು 120. ಅದರ ಮೇಲೆ ನಿಮ್ಮ ಅಕೌಂಟೆಂಟ್ 150 ಸ್ಥಿರ ಖರ್ಚು (ಮಾರಾಟ ಏರಿದರೂ ಇಳಿದರೂ ಬದಲಾಗದ್ದು) ಹಾಕಿದ್ದಾರೆ. ಹಾಗಾಗಿ 30 ನಷ್ಟ. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ನಿನ್ನ ಪ್ರಶ್ನೆಗೆ ಉತ್ತರ ಅದರಲ್ಲಿಲ್ಲ. ನೀನು ಕೇಳಬೇಕಾದದ್ದು ಒಂದೇ: ಮುಚ್ಚಿದರೆ ಏನೇನು ಬದಲಾಗುತ್ತದೆ? ಇನ್‌ಕ್ರಿಮೆಂಟಲ್ ಅನಾಲಿಸಿಸ್ ಅಂದರೆ ಇಷ್ಟೇ.

ಆ 150 ಅನ್ನು ಬಿಡಿಸಿ ನೋಡು. ಮ್ಯಾನೇಜರ್ ಸಂಬಳ, ಆ ವಿಭಾಗದ್ದೇ ಜಾಹೀರಾತು ಸೇರಿ 50. ಮುಚ್ಚಿದರೆ ಈ ಖರ್ಚು ತಪ್ಪುತ್ತದೆ. ಯಂತ್ರಗಳ ಸವಕಳಿ, ಅಂದರೆ ಅವುಗಳ ಬೆಲೆಯಲ್ಲಿ ಈ ವರ್ಷಕ್ಕೆ ಹಾಕಿದ ಪಾಲು, 20. ಅದು ಎಂದೋ ಕೊಟ್ಟಾಗಿರುವ ಹಣ, ಮುಚ್ಚಿದರೆ ವಾಪಸ್ ಬರುವುದಿಲ್ಲ. ಯಂತ್ರ ಮಾರಿದರೆ ಏನು ಸಿಗುತ್ತದೋ ಅದಷ್ಟೇ ಲೆಕ್ಕಕ್ಕೆ. ಇನ್ನು 80, ಹೆಡ್ ಆಫೀಸ್ ಖರ್ಚಿನಲ್ಲಿ ಈ ವಿಭಾಗದ ಪಾಲು ಅಂತ ಹಾಕಿದ್ದು. ವಿಭಾಗ ಮುಚ್ಚಿದರೂ ಕಟ್ಟಡದ ಬಾಡಿಗೆ ಕಟ್ಟಬೇಕು, ಅಕೌಂಟ್ಸ್‌ನವರಿಗೆ ಸಂಬಳ ಕೊಡಬೇಕು, ಅಲ್ವಾ?

ಅಂದರೆ ಮುಚ್ಚಿದರೆ 120 ಕೈತಪ್ಪುತ್ತದೆ, 50 ಮಾತ್ರ ಉಳಿತಾಯವಾಗುತ್ತದೆ. ವರ್ಷಕ್ಕೆ 70 ಕಡಿಮೆ. ಈಗ ಮೂರೂ ವಿಭಾಗ ಸೇರಿ ಕಂಪನಿಗೆ 40 ಲಾಭ ಇದೆ. ಆಮೇಲೆ ಅದೇ ಕಂಪನಿ 30 ನಷ್ಟಕ್ಕೆ ಇಳಿಯುತ್ತದೆ.

ನನಗೆ ಹೆಚ್ಚು ಭಯ ಅದರ ಮುಂದಿನದ್ದು. ಆ 80 ಎಲ್ಲಿಗೂ ಹೋಗದೆ ಉಳಿದ ಎರಡು ವಿಭಾಗಗಳ ತಲೆ ಮೇಲೆ ಬೀಳುತ್ತದೆ. ಆಗ ಎರಡನೆಯದೂ ನಷ್ಟದಲ್ಲಿ ಕಾಣಿಸುತ್ತದೆ. ಅದನ್ನೂ ಮುಚ್ಚೋಣ ಅನಿಸುತ್ತದೆ. ನಾನು ಕೆಲಸ ಮಾಡಿದ ಒಂದು ಕಡೆ ಹೀಗೇ ಆಯಿತು. ಮೊದಲ ವಿಭಾಗ ಮುಚ್ಚುವ ಕಾಗದಕ್ಕೆ ನಾನೂ ಸಹಿ ಹಾಕಿದ್ದೆ. ಎರಡು ವರ್ಷದಲ್ಲಿ ಇನ್ನೊಂದು ಹೋಯಿತು. ಮನೆಗೆ ಹೋದವರ ಮುಖಗಳು ಈಗಲೂ ಕಣ್ಣ ಮುಂದಿವೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿರುವುದು.

ಹಾಗಂತ ಯಾವತ್ತೂ ಮುಚ್ಚಬಾರದು ಅಂತಲ್ಲ. ಆ ಜಾಗ, ಆ ಜನರಿಂದ ಬೇರೇನಾದರೂ ಮಾಡಿ ವರ್ಷಕ್ಕೆ 70ಕ್ಕಿಂತ ಜಾಸ್ತಿ ಬರುವ ಹಾಗಿದ್ದರೆ ಧೈರ್ಯವಾಗಿ ಮುಚ್ಚು. ಜಾಗ ಬಾಡಿಗೆಗೆ ಕೊಟ್ಟರೆ ಎಷ್ಟು ಬರುತ್ತದೆ, ವಿಚಾರಿಸು. ಇಲ್ಲಿ ಕೊಳ್ಳುವ ಗಿರಾಕಿಗಳೇ ಮೊದಲ ವಿಭಾಗದಲ್ಲೂ ಕೊಳ್ಳುತ್ತಾರಾ, ಅದನ್ನೂ ನೋಡು. ಅವರು ಹೋದರೆ ನಷ್ಟ 70ಕ್ಕೆ ನಿಲ್ಲುವುದಿಲ್ಲ. ಕೆಲಸದವರಿಗೆ ಕೊಡಬೇಕಾದ ಪರಿಹಾರ, ಮಧ್ಯದಲ್ಲಿ ಮುರಿಯುವ ಒಪ್ಪಂದಗಳ ದಂಡ, ಇವೂ ಮುಚ್ಚಿದ್ದಕ್ಕೇ ಬರುವ ಖರ್ಚುಗಳು.

ಒಂದು ಮಾತು ನಿನ್ನ ಪರವಾಗಿಯೂ ಇದೆ. ಆ 80 ಯಾವತ್ತಿಗೂ ಕರಗದ ಖರ್ಚಲ್ಲ. ಬಾಡಿಗೆ ಒಪ್ಪಂದ ಮುಗಿದಾಗ ಸಣ್ಣ ಆಫೀಸಿಗೆ ಹೋಗಬಹುದು. ಈ ವರ್ಷ ತಪ್ಪಾದ ನಿರ್ಧಾರ ಮೂರು ವರ್ಷದ ನಂತರ ಸರಿಯಾಗಬಹುದು. ಯಂತ್ರ ಬದಲಿಸುವ ಕಾಲ ಬಂದಾಗಲಂತೂ ಇದೇ ಲೆಕ್ಕವನ್ನು ಹೊಸದಾಗಿ ಹಾಕು. ಆಗ ಹೊಸ ಯಂತ್ರಕ್ಕೆ ಹಾಕಬೇಕಾದ ಹಣ ಇನ್ನೂ ನಿನ್ನ ಕೈಯಲ್ಲೇ ಇರುತ್ತದೆ.

ಭಾನುವಾರ ಕೂತು ಆ 80ರಲ್ಲಿ ಏನೇನಿದೆ, ಯಾವುದು ಯಾವಾಗ ನಿಲ್ಲುತ್ತದೆ ಅಂತ ಸಾಲುಸಾಲಾಗಿ ಬರೆದು ಕಳಿಸು. ಮ್ಯಾನೇಜರನ್ನೂ ಜೊತೆಗೆ ಕೂರಿಸಿಕೊ, ಅವರಿಗೆ ಗೊತ್ತಿರುವುದು ಹಾಳೆಯಲ್ಲಿರುವುದಿಲ್ಲ. ಸೋಮವಾರ ಸಂಜೆ ಫೋನ್ ಮಾಡುತ್ತೇನೆ.

ನಿನ್ನ ದೊಡ್ಡಪ್ಪ