ಭೂಕಂಪಕ್ಕಿಂತ ಫಾರ್ವರ್ಡ್ ಜಾಸ್ತಿ

ಸಂಪಾದಕರೇ,

2025ರ ಯುಗಾದಿಗೆ ಎರಡು ದಿನ ಮುಂಚೆ, ಮಾರ್ಚ್ 28ರಂದು, ಮ್ಯಾನ್ಮಾರ್‌ನಲ್ಲಿ 7.7 ತೀವ್ರತೆಯ ಭೂಕಂಪ ಆಯಿತು. ಮಂಡಾಲೆಯಲ್ಲಿ ಕಟ್ಟಡಗಳು ನೆಲಕಚ್ಚಿದವು. ಸಂಜೆಯೊಳಗೆ ಸಕಲೇಶಪುರದ ನಮ್ಮ ಬೆಳೆಗಾರರ ವಾಟ್ಸ್ಆ್ಯಪ್ ಗುಂಪಿನಲ್ಲಿ ಬರೀ ಕೈ ಮುಗಿಯುವ ಚಿತ್ರಗಳು. ಅಷ್ಟಾದರೆ ಪರವಾಗಿಲ್ಲ. ಹಿಂದೆಯೇ ಒಂದು ಆಡಿಯೋ ಬಂತು: ‘ಇವತ್ತು ರಾತ್ರಿ ಮಲೆನಾಡಿಗೂ ಬರುತ್ತೆ, ಮನೆಯೊಳಗೆ ಮಲಗಬೇಡಿ.’ ಹಬ್ಬಕ್ಕೆ ಅಂತ ಬೇಳೆ ಆರಿಸುತ್ತಿದ್ದ ನಮ್ಮ ಅತ್ತೆ ಮೊರ ಬದಿಗಿಟ್ಟು, ಚಾಪೆ ಸುತ್ತಿಕೊಂಡು ಕಾಫಿ ಕಣಕ್ಕೆ ಹೊರಟೇಬಿಟ್ಟರು! ಭೂಕಂಪದ ದಿನ, ಗಂಟೆ ಮೊದಲೇ ಹೇಳುವ ವಿದ್ಯೆ ಇನ್ನೂ ಯಾರಿಗೂ ಬಂದಿಲ್ಲ. ಸುಮ್ನೆ ಹೆದರಿಸುವುದು ಯಾಕೆ?

ಮಾರನೇ ದಿನ ದೇಣಿಗೆ ಕೇಳುವ ಕ್ಯೂಆರ್ ಕೋಡ್. ಯಾರದ್ದು ಅಂತ ಕೇಳಿದರೆ ಹಾಕಿದವರಿಗೇ ಗೊತ್ತಿಲ್ಲ.

2001ರ ಜನವರಿ 26ರಂದು ಭುಜ್ ಕಡೆ ನೆಲ ನಡುಗಿದಾಗ ನಮ್ಮ ಕೈಯಲ್ಲಿ ಮೊಬೈಲ್ ಇರಲಿಲ್ಲ. ನಾವು ಹುಡುಗರು ಡಬ್ಬಿ ಹಿಡಿದು ಹಾಸನದಲ್ಲಿ ಅಂಗಡಿ ಅಂಗಡಿ ಸುತ್ತಿದ್ದೆವು. ಬಿದ್ದಿದ್ದು ಚಿಲ್ಲರೆಯೇ ಜಾಸ್ತಿ. ಆದರೆ ಹತ್ತು ರೂಪಾಯಿಗೂ ರಸೀದಿ ಕೊಟ್ಟಿದ್ದೆವು.

ಗುಂಪಿನ ಅಡ್ಮಿನ್‌ಗಳೇ, ಖಾತೆ ಯಾರದ್ದು ಅಂತ ತಿಳಿಯದ ಕೋಡ್ ಬಂದರೆ ದಯವಿಟ್ಟು ಅಳಿಸಿ. ಕೊಡುವ ಮನಸ್ಸಿದ್ದವರಿಗೆ ರೆಡ್‌ಕ್ರಾಸ್ ಇದೆಯಲ್ವಾ?

– ಒಬ್ಬ ಕಾಫಿ ಬೆಳೆಗಾರ, ಸಕಲೇಶಪುರ