ಚಿಗರಿ ಕೊಂದದ್ದು ತೋಳವೋ, ನಾಯಿಯೋ?

ಮಾನ್ಯರೇ,

ಗದಗ, ಹಾವೇರಿ, ಕೊಪ್ಪಳ ಕಡೆಯ ಹೊಲಗಳಲ್ಲಿ ಚಿಗರಿ (ಕೃಷ್ಣಮೃಗ) ಸತ್ತು ಬಿದ್ದರೆ ಮೊದಲು ಕೇಳಿಬರುವ ಮಾತು ‘ತೋಳ ಹಿಡೀತು’. ಸುದ್ದಿಯೂ ಹಾಗೇ ಅಚ್ಚಾಗುತ್ತದೆ. ಸತ್ತ ಪ್ರಾಣಿಯನ್ನು ಸರಿಯಾಗಿ ನೋಡುವವರೇ ಕಡಿಮೆ.

ತೋಳ ತಿನ್ನಲೆಂದೇ ಕೊಲ್ಲುತ್ತದೆ. ಜನ ಓಡಿಸದಿದ್ದರೆ ಬೆಳಗಾಗುವಷ್ಟರಲ್ಲಿ ತೊಡೆ, ಕರುಳು ಖಾಲಿ. ಮೇವು ತುಂಬಿದ ಹೊಟ್ಟೆಚೀಲ ಪಕ್ಕಕ್ಕೆ ಬಿದ್ದಿರುತ್ತದೆ. ನಾಯಿಹಿಂಡಿನ ಕೆಲಸ ಬೇರೆ: ಹಿಂಗಾಲು, ಬಾಲದ ಬುಡ, ಹೊಟ್ಟೆ, ಕಿವಿ ಎಂದು ಹತ್ತಾರು ಕಡೆ ಹರಿದಿರುತ್ತವೆ, ತಿಂದದ್ದು ಮಾತ್ರ ಅಲ್ಪ. ಇವೆರಡೂ ಅಲ್ಲದೆ ಉರುಲಿಗೋ ವಿದ್ಯುತ್ ತಂತಿಗೋ ಸಿಕ್ಕಿ ಸತ್ತದ್ದನ್ನು ಆಮೇಲೆ ನಾಯಿ ಎಳೆದಾಡಿರಲೂಬಹುದು. ಇದನ್ನು ಪಶುವೈದ್ಯರು ಮರಣೋತ್ತರ ಪರೀಕ್ಷೆಯಲ್ಲಿ ಹೇಳಬಲ್ಲರು. ಕಚ್ಚಿದ ಜಾಗದ ಚರ್ಮ ಬಿಡಿಸಿದಾಗ ಅಡಿಯಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಜೀವವಿದ್ದಾಗಲೇ ಕಚ್ಚಿದ್ದು. ಇಲ್ಲದಿದ್ದರೆ ಸತ್ತ ಮೇಲೆ. ವರದಿಯಲ್ಲಿ ಈ ಒಂದು ಸಾಲು ಬರುವವರೆಗೆ ಪತ್ರಿಕೆಗಳು ‘ತೋಳ ದಾಳಿ’ ಎಂದು ಶೀರ್ಷಿಕೆ ಕೊಡದಿದ್ದರೆ ಒಳ್ಳೆಯದು. ಆ ಶೀರ್ಷಿಕೆ ಓದಿಯೇ ಯಾರೋ ಸತ್ತ ಕುರಿಗೆ ವಿಷ ಸವರಿಡುತ್ತಾರೆ. ತೋಳದ ಜತೆ ನರಿ, ಹದ್ದು, ಕುರಿಗಾರರ ನಾಯಿಯೂ ಸಾಯುತ್ತವೆ. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ 332 ಹೆಕ್ಟೇರ್ ತೋಳಧಾಮವಿದೆ (ಹಾವೇರಿ ಜಿಲ್ಲೆಯ ಬಂಕಾಪುರ ಬೇರೆ, ಅದು ನವಿಲುಧಾಮ). ತೋಳ ಅಷ್ಟರೊಳಗೇ ತಿರುಗುವ ಪ್ರಾಣಿಯಲ್ಲ. 1972ರ ವನ್ಯಜೀವಿ ಕಾಯ್ದೆಯಲ್ಲಿ ಚಿಗರಿಯಂತೆ ಅದೂ ಮೊದಲ ಅನುಸೂಚಿಯಲ್ಲಿದೆ (ಅತಿ ಹೆಚ್ಚಿನ ರಕ್ಷಣೆಯ ಪಟ್ಟಿ).

ಬಯಲಲ್ಲಿ ಚಿಗರಿಯನ್ನು ನಾಯಿ ಓಡಿ ಹಿಡಿಯುವುದು ಕಷ್ಟ. ಮಳೆ ಹಿಡಿದಾಗ ಲೆಕ್ಕ ತಿರುಗುತ್ತದೆ. ಎರೆಮಣ್ಣಿನಲ್ಲಿ ಚೂಪು ಗೊರಸು ಹೂತು ಕಾಲು ಏಳುವುದಿಲ್ಲ, ನಾಯಿಯ ಅಗಲ ಪಂಜ ಅಷ್ಟು ಹೂತುಕೊಳ್ಳುವುದಿಲ್ಲ. ಇನ್ನೊಂದು ಅಪಾಯ ಬಿಗಿಯಾದ ತಂತಿಬೇಲಿ. ಚಿಗರಿ ಬೇಲಿ ಹಾರುವುದಕ್ಕಿಂತ ಕೆಳಗೆ ನುಸುಳಲು ನೋಡುತ್ತದೆ. ಬೆಳೆ ಇಲ್ಲದ ದಿನಗಳಲ್ಲಾದರೂ ಕೆಳಗಿನ ಮುಳ್ಳುತಂತಿ ಬಿಚ್ಚಿ ಒಂದೂವರೆ ಅಡಿ ಬಿಟ್ಟರೆ ಓಡಲು ದಾರಿಯಾದರೂ ಇರುತ್ತದೆ.

ಗಾಯಗೊಂಡದ್ದು ಸಿಕ್ಕಾಗ ನಮ್ಮ ಕಾಳಜಿಯೇ ಅದನ್ನು ಕೊಲ್ಲುವುದುಂಟು. ಬೆನ್ನಟ್ಟಿಸಿಕೊಂಡ ಚಿಗರಿಯ ಸ್ನಾಯುಗಳು ಆಗಲೇ ಕೆಟ್ಟಿರುತ್ತವೆ. ಕಾಲು ಕಟ್ಟಿ, ಟ್ರ್ಯಾಲಿಗೆ ಹಾಕಿ, ಸುತ್ತ ನಿಂತು ಫೋಟೊ ತೆಗೆದರೆ ಮೈಮೇಲೆ ಗಾಯವಿಲ್ಲದಿದ್ದರೂ ಒಂದೆರಡು ದಿನದಲ್ಲಿ ಸಾಯಬಹುದು. ಟವೆಲ್‌ನಿಂದ ಕಣ್ಣು ಮುಚ್ಚಿ, ನೆರಳಿಗೆ ತಂದು, ಎದೆ ನೆಲಕ್ಕೆ ತಾಗುವಂತೆ ಕೂರಿಸಿ. ಪಕ್ಕಕ್ಕೆ ಮಲಗಿಸಿದರೆ ಹೊಟ್ಟೆ ಉಬ್ಬುತ್ತದೆ. ಬಾಯಿಗೆ ನೀರು, ಹಾಲು ಸುರಿಯಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ. ನಾಯಿ ಕಚ್ಚಿದ್ದನ್ನು ಬರಿಗೈಯಲ್ಲಿ ಮುಟ್ಟಬೇಡಿ, ರೇಬೀಸ್ ಭಯವಿದೆ. ಅರಣ್ಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಬೆಳೆಯ ನಡುವೆ ಒಂಟಿಯಾಗಿ ಮುದುಡಿ ಮಲಗಿದ ಮರಿ ತಬ್ಬಲಿಯಲ್ಲ. ತಾಯಿ ಬಚ್ಚಿಟ್ಟು ಮೇಯಲು ಹೋಗಿರುತ್ತದೆ. ಅದನ್ನು ಎತ್ತಿಕೊಂಡು ಬರಬೇಡಿ.

ಉಳಿದದ್ದು ಪಂಚಾಯಿತಿಗಳ ಕೆಲಸ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮದಂತೆ ಸಂತಾನಹರಣವಾದ ಬೀದಿನಾಯಿಯನ್ನು ಹಿಡಿದ ಜಾಗಕ್ಕೇ ಬಿಡಬೇಕು. ಅಲ್ಲಿ ರಸ್ತೆಬದಿ ಸತ್ತ ಕೋಳಿ, ಕುರಿಗಳ ರಾಶಿ ಬೀಳುತ್ತಲೇ ಇದ್ದರೆ ಹಿಂಡು ಒಡೆಯುವುದಿಲ್ಲ. ಕೋಳಿ ಫಾರಂಗಳಿಗೆ ಆಳದ ಗುಂಡಿ ಕಡ್ಡಾಯ ಮಾಡಿ, ಸುಣ್ಣ ಹಾಕಿಸಿ, ಮೇಲೆ ಕನಿಷ್ಠ ಮೂರಡಿ ಮಣ್ಣು ಮುಚ್ಚಿಸಬೇಕು. ಅದಕ್ಕಿಂತ ಕಡಿಮೆಯಾದರೆ ನಾಯಿಗಳು ರಾತ್ರಿಯೇ ಕೆದರಿ ತೆಗೆಯುತ್ತವೆ.

– ಒಬ್ಬ ಓದುಗ, ಗದಗ ಜಿಲ್ಲೆ