ಆಸ್ಕರ್ ಸಂಜೆಗೆ ಮುನ್ನ: ಗೆಲ್ಲುವವರು, ಗೆಲ್ಲಬೇಕಾದವರು

ಇದೇ 2009ರ ಫೆಬ್ರವರಿ 22ರ ಭಾನುವಾರ ಸಂಜೆ ಲಾಸ್ ಏಂಜಲೀಸ್‌ನ ಕೊಡಾಕ್ ಥಿಯೇಟರಿನಲ್ಲಿ 81ನೆಯ ಆಸ್ಕರ್ ಪ್ರಶಸ್ತಿ ಪ್ರದಾನ ಸಮಾರಂಭ ನಡೆಯಲಿದೆ. ಬೇರೆ ವರ್ಷಗಳಲ್ಲಿ ಸಿನಿಮಾದ ಹುಚ್ಚಿರುವ ಕೆಲವರಷ್ಟೇ ಕಾಯುವ ಈ ಸಮಾರಂಭಕ್ಕೆ ಈ ಸಲ ಇಲ್ಲಿ ಅಮೆರಿಕದಲ್ಲಿರುವ ನಮ್ಮ ಕನ್ನಡ ಸಂಘದ ಹಿರಿಯರಿಂದ ಹಿಡಿದು ಶಾಲೆಗೆ ಹೋಗುವ ಮಕ್ಕಳವರೆಗೆ ಎಲ್ಲರೂ ಕಾದು ಕುಳಿತಿದ್ದಾರೆ. ಮುಂಬಯಿಯಲ್ಲಿ ಚಿತ್ರೀಕರಣಗೊಂಡ ‘ಸ್ಲಮ್‌ಡಾಗ್ ಮಿಲಿಯನೇರ್’ ಹತ್ತು ನಾಮನಿರ್ದೇಶನಗಳನ್ನು ಪಡೆದಿದೆ. ಅವುಗಳಲ್ಲಿ ಮೂರು ಎ.ಆರ್. ರಹಮಾನ್ ಅವರ ಹೆಸರಿನಲ್ಲಿವೆ. ಆ ಸಂಭ್ರಮ ನನ್ನದೂ ಹೌದು. ಆದರೆ ಆ ಒಂದು ಚಿತ್ರದ ಭರಾಟೆಯಲ್ಲಿ ಈ ವರ್ಷದ ಪಟ್ಟಿಯಲ್ಲಿರುವ ಕೆಲವು ಮೆಲುದನಿಯ ಕೆಲಸಗಳು, ಅದರಲ್ಲೂ ಊರು ಬಿಟ್ಟು ಬಂದ ನಮ್ಮಂಥವರ ಬದುಕನ್ನು ನೇರವಾಗಿ ಮುಟ್ಟುವ ಎರಡು ಅಭಿನಯಗಳು, ಯಾರ ಗಮನಕ್ಕೂ ಬಾರದೆ ಹೋಗಬಾರದೆಂಬ ಕಾಳಜಿಯಿಂದ ಈ ಸಂಪಾದಕೀಯವನ್ನು ಬರೆಯುತ್ತಿದ್ದೇನೆ. ಯಾರು ಗೆಲ್ಲಬಹುದು ಎಂಬ ಊಹೆಯನ್ನೂ, ನನಗೆ ಮತವಿದ್ದರೆ ಯಾರಿಗೆ ಹಾಕುತ್ತಿದ್ದೆ ಎಂಬುದನ್ನೂ ಬೇರೆಬೇರೆಯಾಗಿಯೇ ಹೇಳುತ್ತೇನೆ, ಏಕೆಂದರೆ ಇವೆರಡೂ ಒಂದೇ ಆಗುವುದು ಅಪರೂಪ.

ಊಹೆ ಎಂದರೆ ಗಾಳಿಯಲ್ಲಿ ಗುಂಡು ಹಾರಿಸುವುದಲ್ಲ. ಆಸ್ಕರ್ ಕೊಡುವ ಅಕಾಡೆಮಿಯಲ್ಲಿ ಈ ವರ್ಷ ಮತದ ಹಕ್ಕಿರುವ ಸದಸ್ಯರು ಸುಮಾರು 5,800 ಮಂದಿ. ನಾಮನಿರ್ದೇಶನದ ಹಂತದಲ್ಲಿ ನಟರು ನಟರನ್ನೂ, ಸಂಕಲನಕಾರರು ಸಂಕಲನಕಾರರನ್ನೂ ಆರಿಸುತ್ತಾರೆ. ಅಂತಿಮ ಹಂತದಲ್ಲಿ ಮಾತ್ರ ಬಹುತೇಕ ಎಲ್ಲ ವಿಭಾಗಗಳಿಗೂ ಎಲ್ಲರೂ ಮತ ಹಾಕಬಹುದು. ಐದು ಚಿತ್ರಗಳ ನಡುವೆ ಮತಗಳು ಹಂಚಿಹೋದಾಗ ಐದರಲ್ಲೊಂದು ಪಾಲಿಗಿಂತ ತುಸು ಹೆಚ್ಚು ಪಡೆದವರೂ ಲೆಕ್ಕದ ಪ್ರಕಾರ ಗೆದ್ದುಬಿಡಬಹುದು. ಈ ಸದಸ್ಯರಲ್ಲಿ ಅನೇಕರು ನಿರ್ದೇಶಕರ, ನಟರ, ನಿರ್ಮಾಪಕರ ಸಂಘಗಳಲ್ಲೂ ಇರುವುದರಿಂದ ಆ ಸಂಘಗಳು ಮೊದಲೇ ಕೊಡುವ ಪ್ರಶಸ್ತಿಗಳು ಗಾಳಿ ಯಾವ ಕಡೆ ಬೀಸುತ್ತಿದೆ ಎಂಬುದನ್ನು ತಿಳಿಸುತ್ತವೆ. ಅಮೆರಿಕದ ನಿರ್ದೇಶಕರ ಸಂಘದ ಪ್ರಶಸ್ತಿ ಗೆದ್ದವರಿಗೆ ಆಸ್ಕರ್ ತಪ್ಪಿದ್ದು ಆರು ದಶಕಗಳಲ್ಲಿ ಆರೇ ಆರು ಬಾರಿ. ಈ ವರ್ಷ ಆ ಪ್ರಶಸ್ತಿ ‘ಸ್ಲಮ್‌ಡಾಗ್’ನ ನಿರ್ದೇಶಕ ಡ್ಯಾನಿ ಬಾಯ್ಲ್ ಅವರ ಪಾಲಾಗಿದೆ. ನಿರ್ಮಾಪಕರ ಸಂಘದ ಪ್ರಶಸ್ತಿ, ನಟರ ಸಂಘದ ಸಮೂಹ ಅಭಿನಯದ ಪ್ರಶಸ್ತಿ, ನಾಲ್ಕು ಗೋಲ್ಡನ್ ಗ್ಲೋಬ್, ಬ್ರಿಟನ್ನಿನ ಏಳು ಬಾಫ್ಟಾ ಪ್ರಶಸ್ತಿಗಳು, ಎಲ್ಲವೂ ‘ಸ್ಲಮ್‌ಡಾಗ್’ಗೇ ಸಂದಿವೆ.

ಆದ್ದರಿಂದ ಅತ್ಯುತ್ತಮ ಚಿತ್ರ ಮತ್ತು ಅತ್ಯುತ್ತಮ ನಿರ್ದೇಶನದ ಬಗ್ಗೆ ನನಗೆ ಸಂಶಯವಿಲ್ಲ. ‘ದಿ ಕ್ಯೂರಿಯಸ್ ಕೇಸ್ ಆಫ್ ಬೆಂಜಮಿನ್ ಬಟನ್’ 13 ನಾಮನಿರ್ದೇಶನಗಳೊಡನೆ ಪಟ್ಟಿಯ ಮುಂಚೂಣಿಯಲ್ಲಿದ್ದರೂ ಅದನ್ನು ಮೆಚ್ಚುವವರು ಸಿಗುತ್ತಾರೆಯೇ ಹೊರತು ಪ್ರೀತಿಸುವವರು ಸಿಗುವುದಿಲ್ಲ. ‘ಸ್ಲಮ್‌ಡಾಗ್’ನಿಂದ ಅಭಿನಯಕ್ಕೆ ಒಂದೂ ನಾಮನಿರ್ದೇಶನವಿಲ್ಲವೆಂಬುದು ಅಡ್ಡಿಯಾಗಬಹುದೇ ಎಂದು ಕೆಲವರು ಕೇಳುತ್ತಾರೆ; 2004ರಲ್ಲಿ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಸರಣಿಯ ಮೂರನೆಯ ಚಿತ್ರಕ್ಕೂ ಅಭಿನಯದ ನಾಮನಿರ್ದೇಶನ ಇರಲಿಲ್ಲ, ಅದು ಹನ್ನೊಂದು ಪ್ರಶಸ್ತಿಗಳನ್ನು ಬಾಚಿಕೊಂಡಿತು. ಬಡತನವನ್ನು ಮಾರಾಟಕ್ಕಿಟ್ಟ ಚಿತ್ರವಿದು ಎಂಬ ಆಕ್ಷೇಪವನ್ನು ನಮ್ಮ ಕೂಟಗಳಲ್ಲೂ ಕೇಳುತ್ತಿದ್ದೇನೆ. ನನ್ನ ತಕರಾರು ಬೇರೆಯದು. ಪುಟ್ಟ ಮಕ್ಕಳು ಹಿಂದಿಯಲ್ಲಿ ಮಾತನಾಡುತ್ತ ಓಣಿಗಳಲ್ಲಿ ಓಡುವ ಮೊದಲ ಭಾಗ ಉಸಿರಾಡುತ್ತದೆ. ಅವರು ದೊಡ್ಡವರಾಗಿ ಇಂಗ್ಲಿಷಿಗೆ ಹೊರಳಿದ ಮೇಲೆ ಪಾತ್ರಗಳು ಕಥೆಯ ಗಡಿಯಾರಕ್ಕೆ ಕಟ್ಟುಬಿದ್ದು ನಡೆಯುತ್ತವೆ. ನನ್ನ ಮತ ಗಸ್ ವಾನ್ ಸ್ಯಾಂಟ್ ಅವರ ‘ಮಿಲ್ಕ್’ಗೆ. 1970ರ ದಶಕದ ಸ್ಯಾನ್ ಫ್ರಾನ್ಸಿಸ್ಕೋದ ಹಳೆಯ ಸುದ್ದಿಚಿತ್ರದ ತುಣುಕುಗಳನ್ನು ನಟನೆಯ ದೃಶ್ಯಗಳೊಂದಿಗೆ ಬೆರೆಸಿ, ಒಂದು ಬಡಾವಣೆಯ ಸಲಿಂಗಿಗಳು ತಮ್ಮ ಹಕ್ಕಿಗಾಗಿ ಸಂಘಟಿತರಾದದ್ದನ್ನು ಅದು ಹಂತಹಂತವಾಗಿ ತೋರಿಸುತ್ತದೆ. ಅಂದಹಾಗೆ, ಅಮೆರಿಕವೊಂದರಲ್ಲೇ 50 ಕೋಟಿ ಡಾಲರಿಗೂ ಮಿಕ್ಕಿ ಗಳಿಸಿ, ಎಂಟು ನಾಮನಿರ್ದೇಶನಗಳನ್ನೂ ಪಡೆದ ‘ದಿ ಡಾರ್ಕ್ ನೈಟ್’ ಅತ್ಯುತ್ತಮ ಚಿತ್ರದ ಐದರೊಳಗೆ ಬಾರದಿರುವುದು ನನಗೆ ಅನ್ಯಾಯವೆಂದೇ ತೋರುತ್ತದೆ.

ಅತ್ಯುತ್ತಮ ನಟನ ವಿಭಾಗದಲ್ಲಿ ಎಲ್ಲರೂ ಮಾತನಾಡುತ್ತಿರುವುದು ಇಬ್ಬರ ಬಗ್ಗೆ. ‘ದಿ ರೆಸ್ಲರ್’ನ ಮಿಕಿ ರೂರ್ಕ್ ಗೋಲ್ಡನ್ ಗ್ಲೋಬ್ ಮತ್ತು ಬಾಫ್ಟಾ ಎರಡನ್ನೂ ಗೆದ್ದಿದ್ದಾರೆ, ‘ಮಿಲ್ಕ್’ನ ಶಾನ್ ಪೆನ್ ನಟರ ಸಂಘದ ಪ್ರಶಸ್ತಿ ಗೆದ್ದಿದ್ದಾರೆ. ಅಕಾಡೆಮಿಯಲ್ಲಿ ಅತಿ ದೊಡ್ಡ ಬಣ ನಟರದ್ದು. ಅಲ್ಲದೆ ಕಳೆದ ನವೆಂಬರಿನಲ್ಲಿ ಸಲಿಂಗ ವಿವಾಹವನ್ನು ನಿಷೇಧಿಸುವ ಎಂಟನೆಯ ಪ್ರಸ್ತಾವ ಕ್ಯಾಲಿಫೋರ್ನಿಯಾದಲ್ಲಿ ಅಂಗೀಕಾರವಾದದ್ದು ಅಲ್ಲಿ ನೆಲೆಸಿರುವ ಸದಸ್ಯರ ಮನಸ್ಸಿನಲ್ಲಿ ಹಸಿಯಾಗಿಯೇ ಇದೆ. ಈ ಕಾರಣಗಳಿಂದ ಪೆನ್ ಗೆಲ್ಲುತ್ತಾರೆ ಎಂಬುದು ನನ್ನ ಊಹೆ.

ನನ್ನ ಮತ ಮಾತ್ರ ರಿಚರ್ಡ್ ಜೆಂಕಿನ್ಸ್ ಅವರಿಗೆ. ಹತ್ತಾರು ಚಿತ್ರಗಳಲ್ಲಿ ಮುಖ ನೆನಪಿದ್ದರೂ ಹೆಸರು ನೆನಪಿಗೆ ಬಾರದ ಪೋಷಕ ಪಾತ್ರಗಳನ್ನು ಮಾಡುತ್ತ ಬಂದ ಈ ನಟನಿಗೆ ಅರವತ್ತು ದಾಟಿದ ಮೇಲೆ ಬಂದ ಮೊದಲ ನಾಮನಿರ್ದೇಶನವಿದು. ಟಾಮ್ ಮೆಕಾರ್ಥಿ ನಿರ್ದೇಶಿಸಿದ ‘ದಿ ವಿಸಿಟರ್’ನಲ್ಲಿ ಅವರು ಕನೆಕ್ಟಿಕಟ್‌ನ ಒಬ್ಬ ಪ್ರಾಧ್ಯಾಪಕ, ಹೆಂಡತಿಯನ್ನು ಕಳೆದುಕೊಂಡ ಮೇಲೆ ಪಾಠದಲ್ಲಿಯೂ ಬದುಕಿನಲ್ಲಿಯೂ ಆಸಕ್ತಿ ಬತ್ತಿಹೋದವರು. ನ್ಯೂಯಾರ್ಕ್‌ನಲ್ಲಿ ಬಹುಕಾಲದಿಂದ ಬೀಗ ಹಾಕಿದ್ದ ತಮ್ಮ ಮನೆಯ ಬಾಗಿಲು ತೆರೆದರೆ ಒಳಗೆ ಸಿರಿಯಾದ ಯುವಕನೊಬ್ಬನೂ ಸೆನೆಗಲ್‌ನ ಯುವತಿಯೂ ಯಾರದೋ ಮೋಸಕ್ಕೆ ಒಳಗಾಗಿ ಬಾಡಿಗೆಗೆ ಇದ್ದಾರೆ. ಆ ಯುವಕ ತಾರೀಕ್ ಅವರಿಗೆ ಜೆಂಬೆ ಎಂಬ ಆಫ್ರಿಕಾದ ಚರ್ಮವಾದ್ಯವನ್ನು ನುಡಿಸಲು ಕಲಿಸುತ್ತಾನೆ. ಕೋಟು ತೊಟ್ಟ ಗಂಭೀರ ಮನುಷ್ಯ ಕಾಲುಗಳ ನಡುವೆ ವಾದ್ಯವನ್ನಿಟ್ಟುಕೊಂಡು ಹಿಂಜರಿಯುತ್ತ ಬೆರಳು ಬಡಿಯುವಾಗ ಆ ಮುಖದಲ್ಲಿ ಮೂಡುವ ಸಂಕೋಚವನ್ನೂ, ಲಯ ಕೈಗೆ ಸಿಕ್ಕ ಕ್ಷಣ ಹೆಗಲುಗಳು ಸಡಿಲವಾಗುವುದನ್ನೂ ಗಮನಿಸಿ ನೋಡಬೇಕು. ಆಮೇಲೆ ಸುರಂಗ ರೈಲಿನ ನಿಲ್ದಾಣದಲ್ಲಿ ತಾರೀಕ್‌ನ ಬಂಧನವಾಗುತ್ತದೆ, ಕಾಗದಪತ್ರ ಸರಿಯಿಲ್ಲದ ಕಾರಣ ಅವನನ್ನು ಕ್ವೀನ್ಸ್‌ನ ಬಂಧನ ಕೇಂದ್ರಕ್ಕೆ ಸಾಗಿಸುತ್ತಾರೆ. ಚಿತ್ರದುದ್ದಕ್ಕೂ ದನಿ ಎತ್ತದ ಜೆಂಕಿನ್ಸ್ ಆ ಕೇಂದ್ರದ ಕಿಟಕಿಯ ಮುಂದೆ ಒಂದೇ ಒಂದು ಸಲ ಸಿಡಿದೇಳುತ್ತಾರೆ. ಆ ಸಿಟ್ಟು ಯಾರಿಗೂ ತಟ್ಟದೆ ಗಾಜಿಗೆ ಬಡಿದು ಹಿಂದಿರುಗುತ್ತದೆ. ವೀಸಾದ ಅವಧಿ, ಅರ್ಜಿಯ ಸಂಖ್ಯೆ, ವಕೀಲರ ಪತ್ರ ಇವುಗಳ ನಡುವೆ ವರ್ಷಗಟ್ಟಲೆ ಬದುಕಿದವರು ನಮ್ಮಲ್ಲಿ ಎಷ್ಟೋ ಜನರಿದ್ದಾರೆ. ಆ ಕಿಟಕಿಯ ಈಚೆ ನಿಂತವನ ನಿಸ್ಸಹಾಯಕತೆಯನ್ನು ಈ ನೆಲದಲ್ಲೇ ಹುಟ್ಟಿ ಬೆಳೆದವನೊಬ್ಬನ ಮುಖದಲ್ಲಿ ನೋಡುವುದು ಅವರಿಗೆ ಬೇರೆಯೇ ಅನುಭವ.

ಎರಡನೆಯ ಅಭಿನಯ ‘ಫ್ರೋಜನ್ ರಿವರ್’ನ ಮೆಲಿಸ್ಸಾ ಲಿಯೋ ಅವರದು. ಅತ್ಯುತ್ತಮ ನಟಿ ಪ್ರಶಸ್ತಿ ಕೇಟ್ ವಿನ್‌ಸ್ಲೆಟ್ ಅವರಿಗೆ ಹೋಗುವುದು ಹೆಚ್ಚುಕಡಿಮೆ ಖಚಿತ. ಹಿಂದೆ ಐದು ಬಾರಿ ನಾಮನಿರ್ದೇಶನಗೊಂಡು ಬರಿಗೈಯಲ್ಲಿ ಮರಳಿದವರು ಅವರು. ‘ದಿ ರೀಡರ್’ ಆರನೆಯದು, ಮತದಾರರಿಗೆ ಋಣ ತೀರಿಸುವ ಮನಸ್ಸಿದೆ. ‘ಡೌಟ್’ಗಾಗಿ ಹದಿನೈದನೆಯ ಬಾರಿ ನಾಮನಿರ್ದೇಶನಗೊಂಡಿರುವ ಮೆರಿಲ್ ಸ್ಟ್ರೀಪ್ ಒಬ್ಬರೇ ಅವರಿಗೆ ಪೈಪೋಟಿ. ಲಿಯೋ ಅವರ ಚಿತ್ರವನ್ನು ನೋಡಿದವರೇ ಕಡಿಮೆ. ನ್ಯೂಯಾರ್ಕ್ ರಾಜ್ಯದ ಉತ್ತರದ ಗಡಿಯಲ್ಲಿ, ಗಂಡ ದುಡ್ಡಿನೊಡನೆ ಓಡಿಹೋದ ಮೇಲೆ, ಇಬ್ಬರು ಮಕ್ಕಳ ತಾಯಿಯೊಬ್ಬಳು ಹೆಪ್ಪುಗಟ್ಟಿದ ಸೇಂಟ್ ಲಾರೆನ್ಸ್ ನದಿಯ ಮೇಲೆ ಕಾರು ಓಡಿಸಿ ಕೆನಡಾದಿಂದ ವಲಸಿಗರನ್ನು ಕದ್ದು ಸಾಗಿಸಲು ಇಳಿಯುತ್ತಾಳೆ. ಒಂದು ರಾತ್ರಿ ಅವಳ ಕಾರಿನಲ್ಲಿರುವವರು ಪಾಕಿಸ್ತಾನದ ದಂಪತಿಗಳು. ಅವರ ಚೀಲದಲ್ಲಿ ಏನಿದೆಯೋ ಎಂಬ ಅನುಮಾನದಿಂದ ಅವಳು ಅದನ್ನು ಮಂಜುಗಡ್ಡೆಯ ಮೇಲೆ ಎಸೆದುಬಿಡುತ್ತಾಳೆ; ಅದರಲ್ಲಿದ್ದದ್ದು ಅವರ ಕೂಸು ಎಂದು ತಿಳಿಯುವುದು ಆಮೇಲೆ. ಆಗ ಲಿಯೋ ಅಳುವುದಿಲ್ಲ, ಕೂಗುವುದಿಲ್ಲ, ಕಾರನ್ನು ತಿರುಗಿಸುತ್ತಾರೆ. ನಮ್ಮ ಮುಖ, ನಮ್ಮ ಉಡುಪು ಕಂಡ ಮಾತ್ರಕ್ಕೆ ಹುಟ್ಟುವ ಅನುಮಾನ ಎಂಥದೆಂದು ಇಷ್ಟು ನೇರವಾಗಿ, ಅನುಮಾನಿಸುವವಳ ಬಡತನವನ್ನೂ ಮರೆಯದೆ, ಹೇಳಿದ ಅಮೆರಿಕದ ಚಿತ್ರವನ್ನು ನಾನು ಇತ್ತೀಚೆಗೆ ನೋಡಿಲ್ಲ. ನನ್ನ ಮತ ಅವರಿಗೆ.

ಪೋಷಕ ನಟನ ವಿಭಾಗದಲ್ಲಿ ಚರ್ಚೆಯೇ ಇಲ್ಲ. ‘ದಿ ಡಾರ್ಕ್ ನೈಟ್’ನ ಜೋಕರ್ ಪಾತ್ರಕ್ಕಾಗಿ ದಿವಂಗತ ಹೀತ್ ಲೆಜರ್ ಗೆಲ್ಲುತ್ತಾರೆ, ಗೆಲ್ಲಲೂಬೇಕು. ಮರಣಾನಂತರ ಅಭಿನಯಕ್ಕಾಗಿ ಆಸ್ಕರ್ ಪಡೆದವರು ಇದುವರೆಗೆ ಪೀಟರ್ ಫಿಂಚ್ ಒಬ್ಬರೇ, ಅದು 1977ರಲ್ಲಿ. ಪೋಷಕ ನಟಿ ಪ್ರಶಸ್ತಿ ಪೆನೆಲೊಪಿ ಕ್ರೂಜ್ ಅವರಿಗೆ ಸಲ್ಲುತ್ತದೆಂದು ನನ್ನ ಊಹೆ. ನನ್ನ ಮತ ‘ಡೌಟ್’ನ ವಯೋಲಾ ಡೇವಿಸ್ ಅವರಿಗೆ. ಇಡೀ ಚಿತ್ರದಲ್ಲಿ ಅವರ ಪಾತ್ರಕ್ಕಿರುವುದು ಒಂದು ಮುಖ್ಯ ದೃಶ್ಯ. 1964ರ ಬ್ರಾಂಕ್ಸ್‌ನ ಕ್ಯಾಥೊಲಿಕ್ ಶಾಲೆಯಲ್ಲಿ ಓದುತ್ತಿರುವ ಏಕೈಕ ಕಪ್ಪು ಹುಡುಗನ ತಾಯಿಯಾಗಿ, ಬೀದಿಯಲ್ಲಿ ಮೆರಿಲ್ ಸ್ಟ್ರೀಪ್ ಅವರೊಡನೆ ನಡೆಯುತ್ತ, ಜೂನ್ ತಿಂಗಳು ಮುಗಿಯುವ ತನಕ ಮಗನನ್ನು ಅವನ ಪಾಡಿಗೆ ಬಿಟ್ಟರೆ ಸಾಕು ಎಂದು ಬೇಡಿಕೊಳ್ಳುತ್ತಾರೆ. ಕಣ್ಣೀರಿನೊಡನೆ ಸಿಂಬಳವೂ ಸುರಿಯುತ್ತಿದ್ದರೆ ಒರೆಸಿಕೊಳ್ಳುವ ಗೊಡವೆಗೆ ಹೋಗದೆ ಮಾತು ಮುಂದುವರಿಸುವ ಆ ತಾಯಿಯ ಮುಂದೆ ಸ್ಟ್ರೀಪ್ ಅವರಂಥ ನಟಿಯೂ ಕೇಳುಗರಾಗಿ ನಿಲ್ಲಬೇಕಾಗುತ್ತದೆ.

ಚಿತ್ರಕಥೆಯ ಎರಡು ಪ್ರಶಸ್ತಿಗಳು ‘ಮಿಲ್ಕ್’ಗೂ ‘ಸ್ಲಮ್‌ಡಾಗ್’ಗೂ, ಅನಿಮೇಷನ್ ಪ್ರಶಸ್ತಿ ‘ವಾಲ್-ಈ’ಗೂ ಹೋಗುತ್ತವೆ. ವಿದೇಶಿ ಭಾಷೆಯ ಚಿತ್ರಗಳಲ್ಲಿ ಇಸ್ರೇಲಿನ ‘ವಾಲ್ಟ್ಸ್ ವಿತ್ ಬಶೀರ್’ ಗೆಲ್ಲಬಹುದು, ನನ್ನ ಮತವೂ ಅದಕ್ಕೇ. ಆದರೆ ಐದೂ ಚಿತ್ರಗಳನ್ನು ನೋಡಿದ ಸದಸ್ಯರಷ್ಟೇ ಇಲ್ಲಿ ಮತ ಹಾಕಬೇಕೆಂಬ ನಿಯಮವಿರುವುದರಿಂದ ಹೊರಗಿನ ಹೆಸರುವಾಸಿ ಈ ವಿಭಾಗದಲ್ಲಿ ಅಷ್ಟಾಗಿ ಕೆಲಸ ಮಾಡುವುದಿಲ್ಲ.

ಕಿರು ಸಾಕ್ಷ್ಯಚಿತ್ರಗಳ ವಿಭಾಗದಲ್ಲಿಯೂ ಇದೇ ನಿಯಮ. ಭಾರತದ ಬಗ್ಗೆ ಮಾತನಾಡುವ ನಮ್ಮಲ್ಲಿ ಯಾರೂ ಈ ವಿಭಾಗದ ಸುದ್ದಿ ಎತ್ತದಿರುವುದು ನನಗೆ ಬೇಸರ ತಂದಿದೆ, ಏಕೆಂದರೆ ಇಲ್ಲಿರುವ ನಾಲ್ಕು ಚಿತ್ರಗಳಲ್ಲಿ ಎರಡಕ್ಕೆ ಭಾರತವೇ ನೆಲೆ. ‘ದಿ ಫೈನಲ್ ಇಂಚ್’ ಮನೆಮನೆಗೆ ಹೋಗಿ ಪೋಲಿಯೋ ಹನಿ ಹಾಕುವವರ ಕಥೆ. ಮೇಗನ್ ಮೈಲನ್ ಅವರ 39 ನಿಮಿಷಗಳ ‘ಸ್ಮೈಲ್ ಪಿಂಕಿ’ ಉತ್ತರ ಪ್ರದೇಶದ ಹಳ್ಳಿಯ, ಸೀಳುತುಟಿಯ ಕಾರಣಕ್ಕೆ ಶಾಲೆಯಿಂದ ದೂರ ಉಳಿದ ಪುಟ್ಟ ಹುಡುಗಿಯೊಬ್ಬಳು ಉಚಿತ ಶಸ್ತ್ರಚಿಕಿತ್ಸೆಗೆ ವಾರಾಣಸಿಗೆ ಹೋಗಿಬರುವುದನ್ನು ಹಿಂಬಾಲಿಸುತ್ತದೆ. ನಿರೂಪಕರ ದನಿಯಿಲ್ಲ, ಅಂಕಿ ಅಂಶಗಳ ಭಾರವಿಲ್ಲ. ಹುಡುಗಿ ಇದ್ದಾಳೆ, ಅವಳ ಅಪ್ಪ ಇದ್ದಾನೆ, ಅಷ್ಟೇ. ಈ ಚಿತ್ರ ಗೆಲ್ಲುತ್ತದೆಂಬ ಭರವಸೆ ನನಗಿದೆ.

ಇನ್ನು ಸಂಗೀತ. ಹಿನ್ನೆಲೆ ಸಂಗೀತಕ್ಕೆ ಗೋಲ್ಡನ್ ಗ್ಲೋಬ್, ಬಾಫ್ಟಾ ಎರಡನ್ನೂ ಗೆದ್ದಿರುವ ರಹಮಾನ್ ಅವರಿಗೆ ಆಸ್ಕರ್ ತಪ್ಪುವ ಕಾರಣ ಕಾಣುತ್ತಿಲ್ಲ. ಗೀತೆಯ ವಿಭಾಗದಲ್ಲಿ ಮೂರೇ ಹಾಡುಗಳಿವೆ; ಗೋಲ್ಡನ್ ಗ್ಲೋಬ್ ಗೆದ್ದಿದ್ದ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅವರ ಹಾಡು ಪಟ್ಟಿಯಲ್ಲೇ ಇಲ್ಲ. ಮೂರರಲ್ಲಿ ಎರಡು ರಹಮಾನ್ ಅವರವೇ ಆಗಿರುವುದರಿಂದ ಮತ ಒಡೆದು ‘ವಾಲ್-ಈ’ಯ ಹಾಡಿಗೆ ಲಾಭವಾಗಬಹುದೆಂಬ ಅಳುಕು ಇದ್ದೇ ಇದೆಯಾದರೂ, ಗುಲ್ಜಾರ್ ಅವರ ಸಾಹಿತ್ಯವಿರುವ ‘ಜೈ ಹೋ’ ರೈಲು ನಿಲ್ದಾಣದ ಕುಣಿತದೊಡನೆ ಚಿತ್ರದ ಕಟ್ಟಕಡೆಗೆ ಬರುವುದರಿಂದ ಪ್ರೇಕ್ಷಕರು ಅದನ್ನೇ ಗುನುಗುತ್ತ ಹೊರಬರುತ್ತಾರೆ. ಅದೇ ಗೆಲ್ಲುತ್ತದೆ. ನನಗೆ ಹೆಚ್ಚು ಇಷ್ಟವಾದದ್ದು, ಮಕ್ಕಳು ಓಡುವಾಗ ಕೇಳಿಬರುವ ‘ಓ ಸಾಯಾ’. 1983ರಲ್ಲಿ ‘ಗಾಂಧಿ’ಯ ವಸ್ತ್ರವಿನ್ಯಾಸಕ್ಕೆ ಭಾನು ಅಥೈಯಾ ಅವರಿಗೂ, 1992ರಲ್ಲಿ ಜೀವಮಾನದ ಸಾಧನೆಗೆ ಸತ್ಯಜಿತ್ ರೇ ಅವರಿಗೂ ಬಂದ ಆಸ್ಕರ್ ಈಗ ರಹಮಾನ್ ಅವರ ಕೈ ಸೇರಿದರೆ ನಮಗೆಲ್ಲ ಹಬ್ಬವೇ.

ಕೊನೆಯದಾಗಿ ಧ್ವನಿ ಮಿಶ್ರಣ. ಈ ವಿಭಾಗದಲ್ಲಿ ಇಯಾನ್ ಟ್ಯಾಪ್, ರಿಚರ್ಡ್ ಪ್ರೈಕ್ ಅವರೊಡನೆ ನಾಮನಿರ್ದೇಶನಗೊಂಡಿರುವ ರೆಸೂಲ್ ಪೂಕುಟ್ಟಿ ಕೇರಳದವರು. ನಮ್ಮ ಗಿರೀಶ ಕಾಸರವಳ್ಳಿಯವರು ಕಲಿತ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲೇ ಕಲಿತವರು. ಭಾರತದ ಬಹುಪಾಲು ಚಿತ್ರಗಳಲ್ಲಿ ಮಾತುಗಳನ್ನು ಆಮೇಲೆ ಸ್ಟುಡಿಯೋದಲ್ಲಿ ಕುಳಿತು ಡಬ್ ಮಾಡುತ್ತಾರೆ, ಏಕೆಂದರೆ ನಮ್ಮ ಬೀದಿಗಳಲ್ಲಿ ನಿಂತು ನಟರ ದನಿಯನ್ನು ಶುದ್ಧವಾಗಿ ಹಿಡಿಯುವುದು ಬಲು ಕಷ್ಟ. ಪೂಕುಟ್ಟಿ ಮುಂಬಯಿಯ ಓಣಿ, ರೈಲು, ಜನಜಂಗುಳಿಯ ನಡುವೆಯೇ ಧ್ವನಿ ದಾಖಲಿಸಿದ್ದಾರೆ. ಮಕ್ಕಳ ಏದುಸಿರು, ತಗಡಿನ ಮಾಡಿನ ಮೇಲಿನ ಹೆಜ್ಜೆ, ದೂರದ ರೈಲಿನ ಶಬ್ದ ಒಂದನ್ನೊಂದು ನುಂಗದೆ ಕಿವಿಗೆ ಬೀಳುತ್ತವೆ. ಸಾಮಾನ್ಯವಾಗಿ ಮತದಾರರು ಸ್ಫೋಟಗಳಿರುವ ದೊಡ್ಡ ಚಿತ್ರಗಳ ಕಡೆ ವಾಲುತ್ತಾರೆ. ಹೀಗಾಗಿ ಧ್ವನಿ ಸಂಕಲನದ ಪ್ರಶಸ್ತಿಯನ್ನು ‘ದಿ ಡಾರ್ಕ್ ನೈಟ್’ ಪಡೆಯಬಹುದು. ಆದರೆ ಬಾಫ್ಟಾದ ಧ್ವನಿ ಪ್ರಶಸ್ತಿ ಈಗಾಗಲೇ ‘ಸ್ಲಮ್‌ಡಾಗ್’ ತಂಡಕ್ಕೆ ಸಂದಿರುವುದನ್ನು ನೋಡಿದರೆ ಮಿಶ್ರಣದ ಪ್ರಶಸ್ತಿ ಟ್ಯಾಪ್, ಪ್ರೈಕ್ ಮತ್ತು ಪೂಕುಟ್ಟಿಯವರಿಗೇ ಸಲ್ಲುತ್ತದೆ ಎಂಬುದು ನನ್ನ ಊಹೆ. ನನ್ನ ಮತವೂ ಅವರಿಗೇ.